ಬಿಳಿ ಹೊಗೆಯನ್ನು ಮೊದಲು ಕಂಡವಳು ಅವ್ವ

ಇವತ್ತು ಸಿಂಧನೂರು ಬಸ್‌ಸ್ಟ್ಯಾಂಡ್ ಎದುರು ಹಳೆಯ ಕಾರೊಂದು ದಟ್ಟ ಬಿಳಿ ಹೊಗೆ ಬಿಡುತ್ತಾ ನಿಂತಿತ್ತು. ಆ ವಾಸನೆಗೆ ನಾನು ಗೊರೇಬಾಳದ ನಮ್ಮ ಅಂಗಳಕ್ಕೆ ಹೋಗಿಬಿಟ್ಟೆ.

ಅಪ್ಪ ಬಾಡಿಗೆ ಕಾರು ಓಡಿಸುತ್ತಿದ್ದ. ಹೊಗೆ ನೋಡಿಯೇ ಗಾಡಿಯ ರೋಗ ಹೇಳುತ್ತಾನೆಂದು ಅವನಿಗೆ ಹೆಸರು. ಕಪ್ಪಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ನೀಲಿಯಾದರೆ ಆಯಿಲ್ ಸುಡುತ್ತಿದೆ. ಆದರೆ ದಿನಾ ಬೆಳಿಗ್ಗೆ ರೇಡಿಯೇಟರಿಗೆ ನೀರು ಹಾಕುತ್ತಿದ್ದವಳು ಅವ್ವ.

"ದಿನಾ ಒಂದ್ ತಂಬಿಗಿ ನೀರು ಕಮ್ಮಿ ಆಗಾಕತ್ತೈತ್ರೀ. ಕೆಳಗೇನೂ ಸೋರಿಲ್ಲ. ಹೊಗಿ ಬ್ಯಾರೆ ಬೆಳ್ಳಗ ಬರಾಕತ್ತೈತಿ" ಅಂದಳು ಒಂದು ದಿನ.

"ಹೋಗಿ ರೊಟ್ಟಿ ಬಡಿ. ನನಗ ಗಾಡಿ ಕಲಿಸಾಕ ಬಂದಾಳ" ಎಂದು ಅಪ್ಪ ನಕ್ಕ. ಕಟ್ಟೆಯ ಮೇಲೆ ಕೂತವರೂ ನಕ್ಕರು. ನಾನೂ ನಕ್ಕೆ.

ವಾರದೊಳಗೆ, ಮದುವೆ ಜನರನ್ನು ಲಿಂಗಸುಗೂರಿಗೆ ಒಯ್ಯುವಾಗ, ಮಸ್ಕಿ ದಾಟಿದ ಮೇಲೆ ಎಂಜಿನ್ ಕಾದು ಜಾಮ್ ಆಯಿತು.

"ಗ್ಯಾಸ್ಕೆಟ್ ಹೋಗಿ ನೀರು ಎಂಜಿನ್ ಒಳಗ ಇಳದೈತಿ. ಬಿಳಿ ಹೊಗಿ ಬಂದಾಗರ ತರಬೇಕಿತ್ತು" ಅಂದ ಮೆಕ್ಯಾನಿಕ್. ಕಾರು ಗುಜರಿಗೆ ಹೋಯಿತು.

ಅಪ್ಪ ಊರಿಗೆಲ್ಲ ಹೇಳಿದ್ದು ಬೇರೆ: "ಇಕಿ ಕಾಲುವಿ ರಾಡಿನೀರು ಹಾಕಿ ಎಂಜಿನ್ ಕೆಡಿಸಿದ್ಲು."

"ಖರೇ ಏನಬೇ?" ಎಂದು ಸೋದರಮಾವ ನನ್ನನ್ನೇ ಕೇಳಿದ. ಅವ್ವ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದುದನ್ನು ದಿನಾ ನೋಡಿದ್ದೆ. ಅಪ್ಪನ ಮುಖ ನೋಡಿ ಹೂಂ ಅಂದೆ. ಅವ್ವ ನನ್ನನ್ನು ಒಮ್ಮೆ ನೋಡಿ ಒಳಗೆ ಹೋದಳು. ಆ ಮಾತನ್ನು ಸಾಯುವವರೆಗೂ ಎತ್ತಲಿಲ್ಲ.

ಇವತ್ತು ಮನೆಗೆ ಬಂದವಳೇ ಅಪ್ಪನಿಗೆ ಅಂದೆ: "ಬಿಳಿ ಹೊಗಿ ಬರಾಕತ್ತೈತಿ ಅಂತ ಅವ್ವ ಮೊದಲ ಹೇಳಿದ್ಲು. ನೀ ಕೇಳಲಿಲ್ಲ."

ಅಪ್ಪ ಟಿವಿಯಿಂದ ಕಣ್ಣು ತೆಗೆದು, "ಯಾವಾಗ ಹೇಳಿದ್ಲು?" ಅಂದ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.