ಅದು ದೊಡ್ಡ ಮಾವನ ವಿಮಾನ ಅಲ್ಲ

ಮೊಮ್ಮಕ್ಕಳು ಟಿವಿಯಲ್ಲಿ ಹಳೆಯ ಯುದ್ಧದ ಸಿನಿಮಾ ಹಾಕಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಅಜ್ಜಿಗೆ ಗುಂಡಿನ ಸದ್ದು ಆಗುವುದಿಲ್ಲ ಎಂದು ಅವರು ತಿಳಿದಿದ್ದಾರೆ. ಸದ್ದನ್ನು ಹೇಗಾದರೂ ತಡೆದುಕೊಂಡೇನು, ಸುಳ್ಳು ನೋಡಿದರೆ ಮೈ ಉರಿಯುತ್ತದೆ. ಹುಡುಗರಿಗೆ ಹಾರಾಟ ಕಲಿಸುವ ಹಾರ್ವರ್ಡ್ ವಿಮಾನಕ್ಕೆ ಬಣ್ಣ ಬಳಿದು, ರೆಕ್ಕೆಯ ಮೇಲೊಂದು ದುಂಡು ಸೂರ್ಯ ಬರೆದು, ಇಗೋ ಜಪಾನಿನ ಯುದ್ಧವಿಮಾನ ಎಂದು ಹೊಡೆದುರುಳಿಸುವುದು ಆ ಸಿನಿಮಾದವರಿಗೆ ನೀರು ಕುಡಿದಷ್ಟು ಸಲೀಸು. ಹಾಗೆ ಬಣ್ಣ ಬಳಿದ ಒಂದು ವಿಮಾನ ನಮ್ಮ ಮನೆಯಲ್ಲಿ ಏನು ಮಾಡಿತೆಂದು ಅವರಿಗೆ ಗೊತ್ತಿಲ್ಲ.

ನಮ್ಮದು ಬೆಳ್ತಂಗಡಿ ಕಡೆಯ ಅಳಿಯಸಂತಾನದ ಮನೆ. ಮನೆತನ ನಡೆಯುವುದು ತಾಯಿಯ ಕಡೆಯಿಂದ, ಯಜಮಾನಿಕೆ ಸೋದರಮಾವನದು. ಅಮ್ಮನ ಅಣ್ಣ, ನನ್ನ ದೊಡ್ಡ ಮಾವ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಯವರ ಮಾತು ಮೀರಿ ವಾಯುಸೇನೆ ಸೇರಿದರು. ವೆಂಜೆನ್ಸ್ ಎಂಬ ಬಾಂಬರ್ ವಿಮಾನದಲ್ಲಿ ಚಾಲಕನ ಬೆನ್ನಿಗೆ ಬೆನ್ನು ಕೊಟ್ಟು, ಹಿಮ್ಮುಖವಾಗಿ ಕುಳಿತು ಮೆಷಿನ್ ಗನ್ ಹಿಡಿಯುವ ಕೆಲಸ ಅವರದ್ದು. ಒಂದೇ ಒಂದು ಸಲ ರಜೆಯಲ್ಲಿ ಬಂದಿದ್ದರು. ಬರುವಾಗ ಇಸ್ಪೀಟಿನ ಎಲೆಯಂಥ ಒಂದು ಕಟ್ಟು ಕಾರ್ಡು ತಂದಿದ್ದರು. ಒಂದೊಂದರಲ್ಲಿ ಒಂದೊಂದು ವಿಮಾನದ ಕಪ್ಪು ನೆರಳು: ಎದುರಿನಿಂದ, ಬದಿಯಿಂದ, ಕೆಳಗಿನಿಂದ. ಆಕಾಶದಲ್ಲಿ ಬರುವುದು ನಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಕೊಡುತ್ತಿದ್ದ ಕಾರ್ಡು ಅದು.

ನನಗೆ ಆಗ ಶಾಲೆಗೆ ಸೇರುವ ಪ್ರಾಯ. ಮಾವ ನನ್ನನ್ನು ಜಗಲಿಯಲ್ಲಿ ಕೂರಿಸಿ ಆ ಕಾರ್ಡುಗಳಲ್ಲೇ ಆಟ ಆಡಿಸುತ್ತಿದ್ದರು. ಮೊದಲು ರೆಕ್ಕೆ ನೋಡಬೇಕು, ಆಮೇಲೆ ಬಾಲ, ಆಮೇಲೆ ಎಂಜಿನ್ ಎಷ್ಟು ಎಂದು. ತಪ್ಪು ಹೇಳಿದರೆ ತಲೆಗೊಂದು ಮೊಟಕು, ಸರಿ ಹೇಳಿದರೆ ಬೆಲ್ಲ. ಅವರ ವೆಂಜೆನ್ಸನ್ನು ಮಾತ್ರ ನಾನು ಒಂದು ದಿನವೂ ತಪ್ಪಾಗಿ ಹೇಳಲಿಲ್ಲ. ಅದರ ರೆಕ್ಕೆ ಬುಡದಲ್ಲಿ ಹಿಂದಕ್ಕೆ ಬಾಗಿ, ನಡುವೆ ಮೊಣಕೈಯ ಹಾಗೆ ತಿರುಗಿಕೊಳ್ಳುತ್ತದೆ. ಇನ್ನೊಂದು ಮಾತನ್ನೂ ಅವರು ಹೇಳಿದ್ದರು. ಬರ್ಮಾದ ಕಡೆ ನಮ್ಮ ವಿಮಾನಗಳ ಗುರುತಿನಲ್ಲಿ ಕೆಂಪು ಬಣ್ಣವೇ ಇರುವುದಿಲ್ಲವಂತೆ, ಇದ್ದರೆ ಜಪಾನಿನದ್ದೆಂದು ನಮ್ಮವರೇ ಹೊಡೆಯುತ್ತಾರಂತೆ.

ಕಾರ್ಡಿನ ಕಟ್ಟನ್ನು ನನಗೇ ಬಿಟ್ಟು, ರಜೆ ಮುಗಿಸಿ ಹೋದ ಮಾವ ಮತ್ತೆ ಬರಲಿಲ್ಲ. ವಿಮಾನ ಮರಳಿಲ್ಲ, ಅದರಲ್ಲಿದ್ದವರು ಕಾಣೆಯಾಗಿದ್ದಾರೆ ಎಂದು ತಂತಿ ಬಂತು. ಕಾಣೆಯಾದವನಿಗೆ ಬೊಜ್ಜ ಮಾಡುವುದು ಹೇಗೆ ಎಂದು ಅವರ ತಾಯಿ, ನನ್ನ ಅಜ್ಜಿ, ಕೇಳಿದರು. ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ಅದು ಆದ ಮೇಲೆಯೇ ಸತ್ತವರು ಮನೆಯ ಕುಲೆಗಳ, ಅಂದರೆ ತೀರಿಹೋದ ಹಿರಿಯರ ಸಾಲಿಗೆ ಸೇರುವುದು. ಆಟಿ ತಿಂಗಳ ಮಳೆಯಲ್ಲಿ ಒಳಕೋಣೆಯಲ್ಲಿ ಅವರಿಗೆಲ್ಲ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ನಾವು ಹೊರಗೆ ಕಾಯುತ್ತೇವೆ. ಅವರು ಉಂಡ ಮೇಲೆ ನಮ್ಮ ಊಟ. ಪ್ರತಿ ಆಟಿಯಲ್ಲೂ ದೊಡ್ಡ ಮಾವನಿಗೆ ಎಲೆ ಹಾಕುವ ಮಾತು ಬರುತ್ತಿತ್ತು, ಪ್ರತಿ ಸಲವೂ ಅಜ್ಜಿ ಬೇಡ ಎನ್ನುತ್ತಿದ್ದರು.

ಇದರಿಂದ ಹೊಟ್ಟೆಯುರಿ ಆದದ್ದು ದೊಡ್ಡ ಮಾವನ ತಮ್ಮ, ನನ್ನ ಸಣ್ಣ ಮಾವನಿಗೆ. ಮನೆಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರೇ, ಆದರೆ ಅಣ್ಣನ ಬೊಜ್ಜ ಆಗದೆ ಅವರು ಯಜಮಾನ ಅನ್ನಿಸಿಕೊಳ್ಳುವಂತಿರಲಿಲ್ಲ. ದೈವದ ಮುಂದೆ ಮನೆಯ ಪರವಾಗಿ ನಿಲ್ಲುವಾಗಲೂ 'ಅಣ್ಣನ ಬದಲಿಗೆ' ಎಂದು ಹೇಳಿಯೇ ನಿಲ್ಲಬೇಕು. ಅಜ್ಜಿಯ ಕಟ್ಟಪ್ಪಣೆ ಅದು. ಅಣ್ಣ ಸತ್ತಿದ್ದಾನೆಂದು ಅಜ್ಜಿಯನ್ನು ಒಪ್ಪಿಸಲು ಅವರು ಮಾಡದ ಉಪಾಯ ಇರಲಿಲ್ಲ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಬಂಟ್ವಾಳದ ಹತ್ತಿರ ಒಂದು ಶಾಲೆಯಲ್ಲಿ ಟೀಚರಾಗಿದ್ದೆ, ರಜೆಯಲ್ಲಿ ಮನೆಗೆ ಬಂದಿದ್ದೆ. ಮೂಡಬಿದ್ರೆಯಲ್ಲಿ ಟೂರಿಂಗ್ ಟಾಕೀಸು ಡೇರೆ ಹಾಕಿತ್ತು. ಇಂಗ್ಲಿಷ್ ಯುದ್ಧದ ಸಿನಿಮಾ ಬಂದಿದೆ, ಅಮ್ಮನಿಗೆ ತೋರಿಸಬೇಕು ಎಂದು ಸಣ್ಣ ಮಾವ ಬಾಡಿಗೆ ಕಾರು ತಂದರು. ಹುಟ್ಟಿದ ಮೇಲೆ ಸಿನಿಮಾ ನೋಡದ ಅಜ್ಜಿಯನ್ನು ಕಾರಿನಲ್ಲಿ ಕೂರಿಸುವಾಗಲೇ ನನಗೆ ಏನೋ ಸರಿ ಕಾಣಲಿಲ್ಲ.

ಇಂಗ್ಲಿಷ್ ಸಿನಿಮಾಕ್ಕೆ ಆ ಕಾಲದಲ್ಲಿ ಪರದೆಯ ಪಕ್ಕ ಒಬ್ಬ ಮೈಕು ಹಿಡಿದು ನಿಲ್ಲುತ್ತಿದ್ದ. ಕಥೆಯನ್ನು ಕನ್ನಡದಲ್ಲೂ ತುಳುವಿನಲ್ಲೂ ವಿವರಿಸುವುದು ಅವನ ಕೆಲಸ. ಅವನಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೆ, ಬಾಯಿ ಮಾತ್ರ ಜೋರು. ಇಂಟರ್‌ವೆಲ್ ತನಕ ಅವನು ಯಾವುದೋ ಸಮುದ್ರದ ನಡುವಿನ ದ್ವೀಪ, ಅಮೆರಿಕದವರ ಹಡಗು ಎಂದು ಹೇಳುತ್ತಿದ್ದ. ಇಂಟರ್‌ವೆಲ್‌ನಲ್ಲಿ ಸಣ್ಣ ಮಾವ ಅವನಿಗೆ ಸೋಡಾ ಕುಡಿಸುತ್ತಾ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ದೀಪ ಆರಿದ ಮೇಲೆ ಆ ದ್ವೀಪ ಬರ್ಮಾ ಆಗಿಬಿಟ್ಟಿತು. ಈ ವಿಮಾನಗಳಲ್ಲಿ ನಮ್ಮ ತುಳುನಾಡಿನ ಹುಡುಗರೂ ಇದ್ದರು ಎಂದು ಅವನು ಕೂಗತೊಡಗಿದ.

ಒಂದು ವಿಮಾನ ಹೊಗೆ ಕಾರುತ್ತಾ ಕೆಳಗೆ ಬಂತು. ತಲೆಯ ಮೇಲೆ ಉದ್ದ ಗಾಜಿನ ಮಾಡು, ಒಳಗೆ ಹಿಂದೆ ಮುಂದೆ ಇಬ್ಬರು. ಮಗುಚುವಾಗ ಹೊಟ್ಟೆಭಾಗ ಪೂರ್ತಿ ಕಂಡಿತು. ರೆಕ್ಕೆಯಲ್ಲಿ ಎಲ್ಲಿಯೂ ಮೊಣಕೈ ಇರಲಿಲ್ಲ. ಹಾರ್ವರ್ಡ್, ಸಂಶಯವೇ ಇಲ್ಲ. ಅದರ ರೆಕ್ಕೆಯ ಮೇಲೆ ಜಪಾನಿನ ಸೂರ್ಯ ಬೇರೆ. ಶತ್ರು ಬಿದ್ದ ಎಂದು ಡೇರೆಯ ಜನ ಸಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ ಸಣ್ಣ ಮಾವ ಹೆಂಗಸರ ಬದಿಯ ಅಡ್ಡಪರದೆ ಸರಿಸಿ ಅಜ್ಜಿಯ ಕಿವಿಯ ಹತ್ತಿರ ಬಾಗಿದರು.

"ನೋಡಿದಿರಾ ಅಮ್ಮಾ, ಅಣ್ಣ ಇದ್ದದ್ದು ಇಂಥದ್ದರಲ್ಲೇ. ಇದರಿಂದ ಯಾರು ಬದುಕಿ ಬರ್ತಾರೆ?"

ಅಜ್ಜಿಯ ಕೈ ನನ್ನ ಸೀರೆಯ ಸೆರಗನ್ನು ಹಿಡಿದುಕೊಂಡಿತ್ತು, ಮನೆ ಮುಟ್ಟುವವರೆಗೆ ಬಿಡಲಿಲ್ಲ. ತನ್ನ ಮಗ ಬಿದ್ದದ್ದನ್ನು ಕಂಡೆ ಎಂದು ನಂಬಿದ ಆ ಮುದುಕಿಯ ಕಿವಿಗೆ ಬಿದ್ದದ್ದು ಚಪ್ಪಾಳೆ. ಅದನ್ನು ನೆನೆದರೆ ಇವತ್ತಿಗೂ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ. ಒಂದು ವಾರ ಕಳೆದು ಅಜ್ಜಿ ಬೊಜ್ಜಕ್ಕೆ ದಿನ ನೋಡಿ ಎಂದರು.

ನಾನು ಅಂಗಳದಲ್ಲೇ ಸಣ್ಣ ಮಾವನನ್ನು ತಡೆದು ನಿಲ್ಲಿಸಿದೆ. ಅದು ದೊಡ್ಡ ಮಾವನ ವಿಮಾನ ಅಲ್ಲ, ಆ ಜಾತಿಯದ್ದೂ ಅಲ್ಲ, ನಮ್ಮ ಕಡೆಯದ್ದೂ ಅಲ್ಲ, ನೀವು ಅಜ್ಜಿಗೆ ತೋರಿಸಿದ್ದು ಶತ್ರುವಿನ ವೇಷ ಹಾಕಿದ ವಿಮಾನ ಎಂದೆ. ಅವರು ಎಲೆ ಅಡಿಕೆ ಜಗಿಯುತ್ತಾ ನಿಧಾನವಾಗಿ ನಕ್ಕರು. ಹೆಣ್ಣುಮಗಳಿಗೆ ವಿಮಾನದ ವಿಷಯದಲ್ಲಿ ಮೂಗು ತೂರಿಸುವುದು ಯಾಕೆ ಎಂದು ಕೇಳಿದರು. ವಿಮಾನ ಯಾವುದಾದರೆ ಏನು, ಬೀಳುವುದು ಎಲ್ಲ ಒಂದೇ ರೀತಿ ಎಂದರು. ಸ್ವಂತ ಅಣ್ಣನ ಸಾವಿನಲ್ಲಿ ಬೇಳೆ ಬೇಯಿಸಿಕೊಳ್ಳಲು ನಾಚಿಕೆ ಆಗುವುದಿಲ್ಲವೇ ಎಂದು ನಾನು ಕೇಳಿಯೇ ಬಿಟ್ಟೆ. ಅಮ್ಮ ಓಡಿ ಬಂದು ನನ್ನ ಬಾಯಿ ಮುಚ್ಚಿಸಿದರು. ಸೋದರಮಾವನಿಗೆ ಎದುರು ಮಾತಾಡಿದ್ದಕ್ಕೆ ಬೈಗುಳ ಸಿಕ್ಕಿದ್ದು ನನಗೆ.

ಕಾರ್ಡಿನ ಕಟ್ಟನ್ನು ಹಿಡಿದುಕೊಂಡು ಅಜ್ಜಿಯ ಹತ್ತಿರ ಹೋದೆ. ವೆಂಜೆನ್ಸ್ ಮತ್ತು ಹಾರ್ವರ್ಡ್ ಎರಡನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟು, ರೆಕ್ಕೆಗೆ ಬೆರಳಿಟ್ಟು ತೋರಿಸಿದೆ. ಅಲ್ಲಿ ಬಿದ್ದದ್ದು ಇದು, ಮಾವ ಇದ್ದದ್ದು ಅದು, ನೀವು ನೋಡಿದ್ದು ಅವರನ್ನಲ್ಲ ಅಜ್ಜಿ, ಬೊಜ್ಜ ಮಾಡಿಸಬೇಡಿ ಎಂದೆ. ಮಾತಾಡುತ್ತಾ ನನ್ನ ದನಿ ಏರಿತ್ತು. ಅಜ್ಜಿ ಕಾರ್ಡುಗಳನ್ನು ಬಹಳ ಹೊತ್ತು ನೋಡಿದರು. ಬೇರೆ ಬೇರೆಯೇ ಎಂದು ಒಪ್ಪಿಕೊಂಡರು.

"ಯಾವ ವಿಮಾನ ಆದರೆ ಏನು ಮಗಾ," ಎಂದರು. "ಅವ ಬದುಕಿದ್ದರೆ ಎಲ್ಲಿಯಾದರೂ ಉಣ್ತಾ ಇರ್ತಾನೆ, ನಾನು ಬಡಿಸಿದರೆ ನಷ್ಟ ಇಲ್ಲ. ಸತ್ತಿದ್ದರೆ? ಇಷ್ಟು ಆಟಿ ಎಲ್ಲರಿಗೂ ಎಲೆ ಹಾಕಿ ಅವನೊಬ್ಬನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ನಾನಲ್ವಾ?"

ನಾನು ಎರಡೂ ಕಾರ್ಡುಗಳನ್ನು ಎತ್ತಿ ಕಟ್ಟಿಗೆ ಸೇರಿಸಿದೆ. ಆದರೆ ಸಿಟ್ಟು ಇಳಿಯಲಿಲ್ಲ. ಒಂದು ಸುಳ್ಳು ಸಿನಿಮಾ, ಒಂದು ಸೋಡಾ ಕುಡಿದ ಬಾಯಿ, ಇವು ಸೇರಿ ಆ ತಾಯಿಯ ತಲೆಯೊಳಗೆ ಇಂಥ ಯೋಚನೆ ಹುಟ್ಟಿಸಿದ್ದವು. ಹೆಣದ ಬದಲಿಗೆ ಬೊಂಬೆ ಮಾಡಿ ಸುಟ್ಟರು, ಬೊಜ್ಜ ಮುಗಿಸಿದರು. ಸಣ್ಣ ಮಾವ ಯಜಮಾನರಾದರು. ಮೀಸೆ ತಿರುವಿಕೊಂಡು ನಡುಚಾವಡಿಯಲ್ಲಿ ಕುಳಿತ ಅವರ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

ಆಟಿ ಬಂತು. ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು, ನಾನು ಮನೆಯಲ್ಲಿದ್ದೆ. ಅಜ್ಜಿ ಯಾರನ್ನೂ ಅಡುಗೆ ಮುಟ್ಟಲು ಬಿಡಲಿಲ್ಲ. ದೊಡ್ಡ ಮಾವನ ಎಲೆಗೆ ಕೋಳಿಸಾರು, ರೊಟ್ಟಿ, ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಅನ್ನ, ಎಲ್ಲವನ್ನೂ ತಾವೇ ಬಡಿಸಿದರು, ಎಲೆ ತುಂಬಿದ ಮೇಲೂ ಬಡಿಸಿದರು. ಬಾಗಿಲು ಮುಚ್ಚಿ ಅದಕ್ಕೇ ಬೆನ್ನು ಕೊಟ್ಟು ಕುಳಿತರು. ಪ್ರತಿ ವರ್ಷ ಸ್ವಲ್ಪ ಹೊತ್ತು ಕಾದು ಬಾಗಿಲು ತೆರೆಯುವುದು. ಈ ಸಲ ಅಜ್ಜಿ ಏಳಲಿಲ್ಲ. ಮಕ್ಕಳು ಹಸಿವೆಗೆ ಅಳತೊಡಗಿದವು. ಹೊಸ ಯಜಮಾನರು ಬಂದು ಹೊತ್ತಾಯಿತು, ಇನ್ನು ಬಾಗಿಲು ತೆಗೆಯುವ ಎಂದರು.

ಅಜ್ಜಿ ತಲೆ ಎತ್ತಿ ಅವರನ್ನು ನೋಡಿದರು.

"ಕೂತುಕೋ," ಎಂದರು. "ಅವ ಇನ್ನೂ ಉಣ್ತಾ ಇದ್ದಾನೆ."