ಗೌರವ್ವನ ಅರ್ಧ ಹಾಡು

ಎರಡು ಚುಕ್ಕೆ, ಅದರ ಮುಂದೊಂದು ಕಂಸ. ಇಷ್ಟನ್ನು ಒತ್ತಿದರೆ ನಕ್ಕಂತೆ ಲೆಕ್ಕ. ರೋಣದ ಬಸ್‌ಸ್ಟ್ಯಾಂಡ್ ಹಿಂದಿನ ಸೈಬರ್ ಕೆಫೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಗಂಟುಮುಖ ಹಾಕಿಕೊಂಡು ಕೂತು, ನಾನು ಹೀಗೆ ಎಷ್ಟೋ ಸಲ ನಕ್ಕಿದ್ದೇನೆ. ಕೆಫೆಯವನು ಬಗ್ಗಿ ನೋಡಿ, "ಸರ್, ಏನರ ಕೆಟ್ಟ ಸುದ್ದಿ ಬಂತೇನ್ರಿ?" ಎಂದು ಕೇಳಿದ್ದೂ ಉಂಟು.

ಹಾಗೆ ನಗುತ್ತಿದ್ದ ಜಾಗ ಗೊಂಬೆಯಾಟದ ಅಭಿಮಾನಿಗಳು ಇಂಟರ್‌ನೆಟ್ಟಿನಲ್ಲಿ ಕಟ್ಟಿಕೊಂಡ ಕೂಟ. ಗೊಂಬೆಯಾಟದ ಜೊತೆಗೆ ನಗೆಹಾಡಿನ ಕ್ಯಾಸೆಟ್ಟುಗಳು, ಮನೆಮಂದಿಯೆಲ್ಲ ಕೂತು ನೋಡುವ ಪ್ರಹಸನಗಳು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಯಾವ ಹಾಡನ್ನು ಅತ್ತೆಯ ಮುಂದೆ ಹಚ್ಚಬಹುದು, ಯಾವುದನ್ನು ಹಚ್ಚಬಾರದು ಎಂದು ವಾರಗಟ್ಟಲೆ ವಾದ ನಡೆಯುತ್ತಿತ್ತು. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು, ಕಾಲೇಜಿನಲ್ಲಿ ಅದನ್ನೇ ಕಲಿಸುವವನು. ಹಾಗಾಗಿ ಯಾರು ಏನು ಬರೆದರೂ "ಇದಕ್ಕೆ ಆಧಾರವೇನು?" ಎಂದು ಕೇಳುವುದು ನನ್ನ ಪಾಲಿಗೆ ಬಂದ ಕೆಲಸ. ಹುಬ್ಬಳ್ಳಿಯ ಒಬ್ಬರು ತಮ್ಮ ಊರಿನ ತೊಗಲುಗೊಂಬೆ ನಿಜವಾದ ಬೀಡಿ ಸೇದುತ್ತಿತ್ತು ಎಂದು ಪ್ರೀತಿಯಿಂದ ಬರೆದಿದ್ದರು. ಬೆಂಕಿಗೂ ತೊಗಲಿಗೂ ಇರುವ ಸಂಬಂಧದ ಬಗ್ಗೆ ಮೂರು ಪ್ಯಾರಾ ಬರೆದು ಅವರ ಬಾಲ್ಯವನ್ನು ಆರಿಸಿಬಿಟ್ಟೆ. ಅವರು ಆಮೇಲೆ ಬಹಳ ದಿನ ಆ ಕಡೆ ಸುಳಿಯಲಿಲ್ಲ.

ಇಂಥ ನಾನು ಒಂದು ದಿನ ನನ್ನದೇ ನೆನಪೊಂದನ್ನು ಬರೆದೆ. ನಾನು ಚಿಕ್ಕವನಿದ್ದಾಗ ನಮ್ಮೂರು ನರೇಗಲ್ಲಿಗೆ ಗೊಂಬೆಯಾಟದವರು ಬರುತ್ತಿದ್ದರು. ಆಟದ ಹಿಂದಿನ ದಿನ ಮನೆಮನೆಗೆ ಹೋಗಿ ಜೋಳ ಕೇಳುವುದು, ಹಾಗೇ "ಈ ಸಲ ಯಾರ ಹೆಸರು ಹಾಕೂಣ್ರಿ?" ಎಂದು ವಿಚಾರಿಸುವುದು ಅವರ ಪದ್ಧತಿ. ಕಾಳು ಕೇರುವ ಮರದ ತುಂಬ ಜೋಳ ಕೊಟ್ಟ ಮನೆಯ ಒಬ್ಬರ ಹೆಸರು ಮಾರನೆಯ ದಿನ ಪರದೆಯ ಮೇಲೆ ಬರುತ್ತಿತ್ತು. ರಾಮ ರಾವಣರು ದಣಿದು ಪಕ್ಕಕ್ಕೆ ಸರಿದಾಗ ನಗಿಸುವ ಗಂಡ ಹೆಂಡಿರ ಗೊಂಬೆಗಳು ಬಂದು ಆ ಹೆಸರು ಹಿಡಿದು ಚೇಷ್ಟೆಯ ಹಾಡು ಹಾಡುತ್ತಿದ್ದವು. ಒಂದು ವರ್ಷ ಸರದಿ ನಮ್ಮ ಕಾಕಾನ ಹೆಂಡತಿ, ಚಿಗವ್ವ ಗೌರವ್ವನದು. ಆಗಷ್ಟೇ ನಮ್ಮ ಮನೆಗೆ ಸೊಸೆಯಾಗಿ ಬಂದಿದ್ದಳು. ಗಂಡುಗೊಂಬೆ ಹಾಡಿತ್ತು:

"ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟೈತಿ ಗೌರವ್ವಾ,
ಊರಿನ ತುಂಬಾ ಹೊಗಿ ಎದ್ದೈತಿ ಗೌರವ್ವಾ!"

ಇದನ್ನು ಬರೆದೆ. ನನ್ನ ಚಟ ಬಿಡಬೇಕಲ್ಲ, ಕೆಳಗೆ ಆಧಾರವನ್ನೂ ಕೊಟ್ಟೆ: ಗೌರವ್ವ ಎಂದರೆ ನನ್ನ ಚಿಗವ್ವ, ಈಗ ಗಜೇಂದ್ರಗಡದಲ್ಲಿ ಇದ್ದಾಳೆ. ಕೂಟ ಕುಣಿದಾಡಿತು. ಚುಕ್ಕೆ ಕಂಸಗಳ ಮಳೆ ಸುರಿಯಿತು. ಮನೆಮಂದಿ ಕೂತು ಕೇಳಬಹುದಾದ ಹಾಡೇ ಇದು ಎಂದು ಚರ್ಚೆಯಾಗಿ, ಹೌದು, ಇದು ಶುದ್ಧ ಕೌಟುಂಬಿಕ ಹಾಸ್ಯ ಎಂದು ತೀರ್ಮಾನವೂ ಆಯಿತು. ಕೇಳದೆ ಉಳಿದದ್ದು ಗೌರವ್ವನ ಕುಟುಂಬವನ್ನು ಮಾತ್ರ. ಯಾರೋ ಕೀಬೋರ್ಡ್ ಹಚ್ಚಿ ಹಾಡಿದರು. ಹಾಡು ಕಂಪ್ಯೂಟರಿನಿಂದ ಮೊಬೈಲ್ ಅಂಗಡಿಗೆ, ಅಲ್ಲಿಂದ ರಿಂಗ್‌ಟೋನಾಗಿ ಜನರ ಅಂಗಿಯ ಕಿಸೆಗೆ ಇಳಿಯಿತು. ರೋಣದ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನ ಫೋನಿನಲ್ಲಿ ಅದು ಕೇಳಿದಾಗ ನಾನು ನಿಜಕ್ಕೂ, ಕಂಸವಿಲ್ಲದೆ, ನಕ್ಕೆ.

ಆಮೇಲೆ ಚಿಗವ್ವ ಫೋನ್ ಮಾಡಿದಳು. "ಬಸೂ, ನಾಳಿ ಬಾ ಇಲ್ಲಿ." ಅಷ್ಟೇ.

ಗಜೇಂದ್ರಗಡದ ಮನೆಯಂಗಳದಲ್ಲಿ ಕಾಕಾ ಮೀಸೆಯೊಳಗೇ ನಗುತ್ತ ಕೂತಿದ್ದ. ಚಿಗವ್ವ ಪಕ್ಕದ ಮನೆಯ ಗೆಳತಿ ಮಾಬೂಬಿಯ ಜೊತೆ ಕಡಲೆ ಸ್ವಚ್ಛ ಮಾಡುತ್ತಿದ್ದಳು. ಬಾ ಅನ್ನಲಿಲ್ಲ.

"ನಮ್ಮ ಸೊಸಿ ತವರಮನಿಯವ್ರು ಊಟಕ್ಕ ಬಂದಿದ್ರು," ಎಂದಳು, ಕಡಲೆಯಿಂದ ಕಣ್ಣೆತ್ತದೆ. "ನಾ ರೊಟ್ಟಿ ಬುಟ್ಟಿ ಹಿಡ್ಕೊಂಡು ನಿಂತೀನಿ, ಬೀಗರ ಕಿಸೆದಾಗಿನ ಫೋನು ಬಡ್ಕೋತು. ಊರಿನ ತುಂಬಾ ಹೊಗಿ ಎದ್ದೈತಿ ಗೌರವ್ವಾ! ನಮ್ಮ ಸೊಸಿ ಭಾಳ ಹೆಮ್ಮಿಲೆ ಹೇಳಿದ್ಳು, ಇದು ನಮ್ಮತ್ತಿ ಮ್ಯಾಲಿನ ಹಾಡರೀ, ರೋಣದ ಭಾವಾರು ಬರದಾರ ಅಂತ. ಬೀಗ್ತಿ ರೊಟ್ಟಿ ಹೊಳ್ಳಿಸಿ ನೋಡಿದ್ಳೋ ತಮ್ಮಾ. ಹಿಂದಕ್ಕ ಸುಟ್ಟೈತೇನಂತ ಹೊಳ್ಳಿಸಿ ನೋಡಿದ್ಳು."

ನಾನು ಏನೋ ಹೇಳಲು ಹೋದೆ. ಹಾಸ್ಯ, ಜನಪದ, ದಾಖಲೆ ಎಂಬ ಶಬ್ದಗಳು ಬಾಯಿಗೆ ಬಂದವು.

"ಹಾಸ್ಯ ಮಾಡಿದ್ಕ ನಂಗ ಸಿಟ್ಟಿಲ್ಲ," ಎಂದಳು ಚಿಗವ್ವ. "ಜ್ವಾಳಾ ಕೊಟ್ಟಾಕಿನೂ ನಾನ, ಹೆಸರು ಹಾಕ್ರಿ ಅಂದಾಕಿನೂ ನಾನ. ಆದ್ರ ಜವಾಬು ಎಲ್ಲೈತಿ?"

ನನಗೆ ತಿಳಿಯಲಿಲ್ಲ. ಮಾಬೂಬಿಗೆ ತಿಳಿದಿತ್ತು. "ಗೊಂಬಿ ಗಂಡ ಅಂದ ಮ್ಯಾಲೆ ಗೊಂಬಿ ಹೆಂಡ್ತಿ ಸುಮ್ನ ಕುಂದರ್ತಾಳೇನ್ರಿ ಸರ್? ಗೌರಕ್ಕ, ಹೇಳ್ರಿ ನೀವು, ಅವ್ರು ಕೇಳ್ಲಿ."

ಚಿಗವ್ವ ಮರ ಕೆಳಗಿಟ್ಟು ಕಾಕಾನ ಕಡೆ ತಿರುಗಿ ಹಾಡಿದಳು:

"ಹೊಗಿ ಎದ್ದರ ಏಳಲಿ ಬಿಡರೀ, ಹಸಿ ಕಟಗಿ ತಂದಾವ ಯಾರ?
ಸುಟ್ಟ ರೊಟ್ಟಿ ಒಲ್ಲೆ ಅಂದು, ಬುಟ್ಟಿ ಖಾಲಿ ಮಾಡಿದಾವ ಯಾರ?"

ಮಾಬೂಬಿ ಚಪ್ಪಾಳೆ ತಟ್ಟಿದಳು. ಕಾಕಾನ ಮೀಸೆಯೊಳಗಿನ ನಗೆ ಎಲ್ಲಿ ಹೋಯಿತೋ. ಅಷ್ಟಕ್ಕೆ ನಾನೂ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಓದಿದ ಬಾಯಿ. "ಚಿಗವ್ವಾ, ಇದು ಆವತ್ತಿಂದೇನು, ಆಮ್ಯಾಲೆ ನೀ ಕಟ್ಟಿದ್ದೇನು?"

ಚಿಗವ್ವ ಮೊದಲ ಬಾರಿಗೆ ನನ್ನ ಮುಖ ನೋಡಿದಳು. "ನೀ ಬರದಾಗ ನಿನ್ನ ಯಾರು ಕೇಳಿದ್ರು?"

ಕಾಕಾ ನಡುವೆ ಬಂದ. ನನ್ನ ಮೇಲಿನ ಕರುಣೆಯಿಂದಲೋ, ಒಳಗಿದ್ದ ಸೊಸೆಗೂ ಸತ್ಯ ತಿಳಿಯಲಿ ಎಂದೋ. "ಜವಾಬು ಖರೇ ಐತೋ ಬಸೂ. ಹೆಣ್ಮಕ್ಕಳು ಕ್ಯಾಕಿ ಹೊಡದು ನಕ್ರು, ನಾ ತಲಿ ಮ್ಯಾಲೆ ಟಾವೆಲ್ ಹಾಕ್ಕೊಂಡೆ. ನೀ ಅಷ್ಟೊತ್ತಿಗೆ ನನ್ನ ತೊಡಿ ಮ್ಯಾಲೆ ಗೊರಕಿ ಹೊಡೀತಿದ್ದಿ. ಮನಿಗೆ ಹೊತ್ಕೊಂಡು ಬಂದಾವ ನಾನ."

ನಮ್ಮ ವಿದ್ಯೆಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಶಾಸನದ ಕಲ್ಲು ಒಡೆದಿದ್ದರೆ, ಇದ್ದಷ್ಟು ಓದಿ, "ಮುಂದೆ ತ್ರುಟಿತ" ಎಂದು ಬರೆಯುತ್ತೇವೆ. ಸೂಡಿಯ ಶಾಸನದ ಕಲ್ಲಿಗೆ ತೋರಿಸುವಷ್ಟು ಮರ್ಯಾದೆಯನ್ನು ನಾನು ಚಿಗವ್ವನಿಗೆ ತೋರಿಸಲಿಲ್ಲ. ನನ್ನ ನೆನಪು ನಿಂತ ಕಡೆಯೇ ಹಾಡು ನಿಂತಿದೆ ಎಂದುಕೊಂಡೆ. ಬೇರೆಯವರ ಬೀಡಿಯನ್ನೆಲ್ಲ ಸಂಶಯಿಸಿದವನಿಗೆ ತನ್ನ ನಿದ್ದೆಯ ಮೇಲೆ ಮಾತ್ರ ಸಂಶಯ ಬರಲಿಲ್ಲ. ಕಾಕಾನ ಮಾತಿಗಾದರೂ ಆಧಾರವೇನು ಎಂದು ಒಳಗೊಬ್ಬ ಆಗಲೂ ಗೊಣಗುತ್ತಿದ್ದ. ಅವನ ಬಾಯಿ ಮುಚ್ಚಿಸಲು ನಾನು ಕಡಲೆಯ ಮರ ಎಳೆದುಕೊಂಡು ಕಲ್ಲು ಆರಿಸತೊಡಗಿದೆ. "ಅದ್ರಾಗೂ ಅರ್ಧಾ ಬಿಡಬ್ಯಾಡ," ಎಂದಳು ಚಿಗವ್ವ. ಆಮೇಲೆ ಚಹಾ ಬಂತು.

ಅವಳ ದನಿಯಲ್ಲೇ ಜವಾಬನ್ನು ನನ್ನ ಮೊಬೈಲಿನಲ್ಲಿ ಹಿಡಿದುಕೊಂಡು ಬಂದು ಕೂಟಕ್ಕೆ ಹಾಕಿದೆ. ಎರಡು ದಿನ ಯಾರೂ ನಗಲಿಲ್ಲ. ಮೂರನೆಯ ದಿನ ಹುಬ್ಬಳ್ಳಿಯ ಬೀಡಿಯವರು ಬಹುಕಾಲದ ಮೇಲೆ ಬಂದು ಕೇಳಿದರು: "ಇದಕ್ಕೆ ಆಧಾರವೇನು?" ನಾನು ಮೌಖಿಕ ಪರಂಪರೆಯ ಬಗ್ಗೆ ಒಂದು ಪುಟ ಬರೆದೆ, ಓದಿದೆ, ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: "ನನಗೆ ನಿದ್ದೆ ಬಂದಿತ್ತು. ಅವಳಿಗೆ ಬಂದಿರಲಿಲ್ಲ."

ಆದರೆ ಬಿಟ್ಟ ಹಾಡನ್ನು ಹಿಡಿದು ತರುವವರು ಯಾರು? ಮೊದಲರ್ಧ ಫೋನು ಬಾರಿಸಲು ಹೇಳಿ ಮಾಡಿಸಿದಂತಿದೆ. ಜವಾಬು ಬರುವಷ್ಟರಲ್ಲಿ ಜನ ಫೋನು ಎತ್ತಿಬಿಡುತ್ತಾರೆ. ಮೊನ್ನೆ ನರೇಗಲ್ ಬಸ್ಸಿನಲ್ಲಿ ಒಬ್ಬರ ಕಿಸೆಯೊಳಗೆ ಗೌರವ್ವನ ರೊಟ್ಟಿ ಮತ್ತೆ ಸುಟ್ಟಿತು. ನಾನು ಜನರ ನಡುವೆ ಬಾಯಿ ಬಿಡುವ ಜಾತಿಯವನಲ್ಲ. ಕಿವಿ ಬಿಸಿಯಾಯಿತು. ಆದರೂ ಕಂಬಿ ಹಿಡಿದು ನಿಂತು, ರಾಗವೂ ಇಲ್ಲದ ತಾಳವೂ ಇಲ್ಲದ ದನಿಯಲ್ಲಿ, ಹಸಿ ಕಟಗಿ ತಂದವನು ಯಾರು ಎಂದು ಇಡೀ ಬಸ್ಸಿಗೆ ಕೇಳಿದೆ. ಖಾಲಿ ಬುಟ್ಟಿಯ ಸಾಲನ್ನೂ ಬಿಡಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಕಂಡಕ್ಟರ್ ಟಿಕೇಟು ಹರಿಯುವುದನ್ನು ನಿಲ್ಲಿಸಿದ. ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಗಂಡನ ತೋಳನ್ನು ಹೆಂಗಸೊಬ್ಬಳು ತಿವಿದಳು.

"ಏಳ್ರೀ, ಕೇಳ್ರಿಲ್ಲೆ. ಅದಕ್ಕ ಜವಾಬೂ ಐತಂತ."