ಅಳಿಯನ ಎಣ್ಣೆಸ್ನಾನ, ಅಪ್ಪನ ಮಖಮಲ್ ಅಂಗಿ

ನೆರೆದ ಬೈಲಹೊಂಗಲದ ಮಹಾಜನಗಳೇ, ಹಿಂದಿನ ಸಾಲಿನವರಿಗೂ ಕೇಳುವಂತೆ ಹೇಳುತ್ತೇನೆ! ಮನೆ ಪಾಲಾದ ಮೇಲೆ ನನಗೆ ಉಳಿದದ್ದು ಒಂದೇ ಕೋಣೆ. ಅದರ ಗೋಡೆಯಾಚೆ ಅಣ್ಣನ ಬಚ್ಚಲು. ಆ ಬಚ್ಚಲ ನೀರು ಗೋಡೆಯಲ್ಲಿ ಜಿನುಗಿ, ನಾಟಕದಲ್ಲಿ ರಾಜನಾಗುತ್ತಿದ್ದ ನಮ್ಮಪ್ಪನ ಮಖಮಲ್ ಅಂಗಿಯ ಪೆಟ್ಟಿಗೆಯನ್ನು ತೋಯಿಸುತ್ತಿತ್ತು. ಪೆಟ್ಟಿಗೆ ಸರಿಸಲು ಕೋಣೆಯಲ್ಲಿ ಬೇರೆ ಜಾಗವಿರಲಿಲ್ಲ. ವರ್ಷವಿಡೀ ಅಣ್ಣನನ್ನು ಕಾಡಿಬೇಡಿ, ಇಂದು ಮುಂಜಾನೆ ಗೌಂಡಿಯನ್ನು ಕರೆತಂದು ಬಚ್ಚಲ ನೆಲದ ಫರಸಿಕಲ್ಲುಗಳ ಸಂದುಗಳಿಗೆಲ್ಲ ಸಿಮೆಂಟು ತುಂಬಿಸಿದೆ.

"ಎರಡ ದಿನ ಒಂದ ಚೆಂಬು ನೀರೂ ಸುರೀಬ್ಯಾಡ್ರಿ ಯಜಮಾನ್ರ" ಎಂದು ಗೌಂಡಿ ಅಣ್ಣನಿಗೇ ಹೇಳಿ ಹೋದ.

ಮಧ್ಯಾಹ್ನ ದೊಡವಾಡದ ಬಸ್ಸಿನಲ್ಲಿ ಅಣ್ಣನ ಹೊಸ ಅಳಿಯ ಬಂದಿಳಿದ. ಹಂಡೆಗೆ ಉರಿ ಬಿತ್ತು, ಅಳಿಯನ ತಲೆಗೆ ಎಣ್ಣೆ ಬಿತ್ತು. ನಾನು ಓಡಿಹೋಗಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತೆ.

"ಅಣ್ಣಾ, ಸಿಮೆಂಟ್ ಇನ್ನೂ ಹಸಿ ಐತಿ! ಅಂಗಳದಾಗ ಎರೀರಿ!"

"ಮನಿ ಅಳಿಯಾನ್ನ ಬಯಲಾಗ ಕುಂದರಿಸಿ ಎರೀಲೇನೋ? ಆಚೆ ಸರಿ. ನಿನ್ನ ನಾಟಕ ನಿನ್ನ ಮನ್ಯಾಗ ಆಡು."

ಎರಡು ಹಂಡೆ ನೀರು ಸುರಿಯಿತು. ಹಸಿ ಸಿಮೆಂಟೆಲ್ಲ ಮೋರಿಗೆ ಹರಿಯಿತು. ಸಂಜೆ ಪೆಟ್ಟಿಗೆ ತೆರೆದರೆ, ಇಷ್ಟು ದಿನ ಹೇಗೋ ತಡೆದಿದ್ದ ಅಂಗಿಯ ತೋಳು ಕೈಗೇ ಕಿತ್ತು ಬಂತು. ಸತ್ತ ಅಪ್ಪ ನನಗೊಬ್ಬನಿಗೇ ಅಪ್ಪನೇ?

ನಾಳೆ ಬೆಳಿಗ್ಗೆ ಆ ಅಂಗಿಯನ್ನು ಅಣ್ಣನ ಅಂಗಳದ ಹಗ್ಗದ ಮೇಲೆಯೇ ಒಣಹಾಕುತ್ತೇನೆ. ಅಳಿಯದೇವರು ಅದರ ಕೆಳಗೆ ತಲೆ ಬಗ್ಗಿಸಿಯೇ ನಾಷ್ಟಾಕ್ಕೆ ಹೋಗಲಿ.